ಎಂಟು ಮಾಲೀಕರು ಕಂಡ ನನ್ನ ಎಡ ಮೊಣಕಾಲು

ಲೀಗಿನ ಎಂಟೂ ಫುಟ್‌ಬಾಲ್ ತಂಡಗಳ ಮಾಲೀಕ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಹನ್ನೆರಡು ವರ್ಷ ತಮ್ಮ ಪೈಕಿ ಒಬ್ಬರ ತಂಡದ ಗೋಲು ಕಾಯ್ದು, ಈಗ ಅಕ್ಕನ ಹೊಲಿಗೆ ಅಂಗಡಿಯಲ್ಲಿ ಗುಂಡಿಗಳ ಡಬ್ಬ ಕಾಯುತ್ತಿರುವ ಗೋಲ್‌ಕೀಪರನು ತಮ್ಮೆಲ್ಲರ ಪಾದಗಳಿಗೆ, ಎಡ ಬಲವೆಂಬ ಭೇದವಿಲ್ಲದೆ, ನಮಸ್ಕರಿಸಿ ಬರೆದುಕೊಳ್ಳುವ ಬಹಿರಂಗ ದೂರು.

ಮೊದಲು ಅಭಿನಂದನೆ. ಪಂದ್ಯ ಸೋತರೆ ಕೈಕುಲುಕದೆ ಕಾರು ಹತ್ತುವ, ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದ ತಾವು ಎಂಟು ಜನ ನನ್ನೊಬ್ಬನ ವಿಷಯದಲ್ಲಿ ತೋರಿದ ಒಗ್ಗಟ್ಟನ್ನು ಕಂಡು ನನ್ನ ಕಣ್ಣು ತುಂಬಿ ಬಂದಿದೆ. ಕರಾರು ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವಂತಿರಬೇಕು ಎಂದು ಆಟಗಾರರ ಸಂಘದ ಕಾರ್ಯದರ್ಶಿಯಾಗಿ ನಾನು ಎರಡು ವರ್ಷ ತಮ್ಮ ತಲೆ ತಿಂದೆ. ತಾವು ಒಪ್ಪಿದಿರಿ, ಪತ್ರಿಕೆಯವರ ಮುಂದೆ ನನ್ನ ಬೆನ್ನು ತಟ್ಟಿದಿರಿ. ಮರುತಿಂಗಳೇ ನನ್ನ ಕರಾರು ಮುಗಿಯಿತು. ಎಲ್ಲಿಗೆ ಬೇಕಾದರೂ ಹೋಗಲು ನಾನು ಸ್ವತಂತ್ರನಾದೆ, ಎಲ್ಲಿಗೆ ಹೋದರೂ ಬಾಗಿಲು ಹಾಕಿಕೊಳ್ಳಲು ತಾವೂ ಸ್ವತಂತ್ರರಾದಿರಿ.

ಎಂಟು ಕಚೇರಿಗಳಿಂದ ಎಂಟು ಪತ್ರಗಳು ಬಂದವು. ಒಂದರಲ್ಲಿ ವಿಷಾದ, ಇನ್ನೊಂದರಲ್ಲಿ ತೀವ್ರ ವಿಷಾದ, ಮತ್ತೊಂದರಲ್ಲಿ ಭಾರವಾದ ಹೃದಯ. ಕಾರಣ ಮಾತ್ರ ಒಂದೇ: ತಮ್ಮ ತಮ್ಮ ತಜ್ಞ ವೈದ್ಯರು ಸ್ವತಂತ್ರವಾಗಿ ಪರಿಶೀಲಿಸಿದಂತೆ, ಶಸ್ತ್ರಚಿಕಿತ್ಸೆಯಾಗಿರುವ ನನ್ನ ಎಡ ಮೊಣಕಾಲು ಇನ್ನು ಆಟಕ್ಕೆ ತಕ್ಕುದಲ್ಲ. ಅದನ್ನೇ ಓದಿ ಓದಿ ನಾನು ಕೊರಗುತ್ತ ಕುಳಿತಿದ್ದೆ. ಅಕ್ಕ ಎಂಟನ್ನೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, “ಅಲ್ಲ ಕಣೋ, ನಿನಗೆ ಆಪರೇಷನ್ ಆಗಿದ್ದು ಬಲಗಾಲಿಗಲ್ವೇನೋ? ಎಂಟು ಅಂಗೀಲೂ ಎಡತೋಳೇ ಗಿಡ್ಡ ಆಗಿದೆ ಅಂದ್ರೆ, ಎಂಟು ಜನಾನೂ ಒಂದೇ ಅಳತೆ ಚೀಟಿ ನೋಡಿ ಕತ್ತರಿಸಿದಾರೆ ಅಂತ ಅರ್ಥ” ಎಂದಳು.

ಆ ಚೀಟಿ ಯಾವುದೆಂದು ನನಗೆ ಗೊತ್ತು. ನನ್ನ ಹಳೆಯ ತಂಡದ ಫಿಸಿಯೋ ಬಂಗಾರದಂಥ ಮನುಷ್ಯ, ಆದರೆ ಆಟಗಾರನ ಎದುರು ಸ್ಟೂಲು ಹಾಕಿಕೊಂಡು ಕುಳಿತು ಬರೆಯುವಾಗ ತನ್ನ ಎಡಕ್ಕೆ ಕಂಡದ್ದನ್ನೆಲ್ಲ ಎಡವೆಂದೇ ಬರೆಯುತ್ತಾನೆ. ಹನ್ನೆರಡು ವರ್ಷದಲ್ಲಿ ನಮ್ಮ ತಂಡದ ಒಂದು ಗಾಯವೂ ಸರಿಯಾದ ಕಡೆ ದಾಖಲಾಗಿಲ್ಲ; ನಾವೆಲ್ಲ ತಿರುಗಿಸಿ ಓದಿಕೊಳ್ಳುತ್ತಿದ್ದೆವು. ಆ ಕಡತ ಇರುವುದು ಅವನ ಬೀರುವಿನಲ್ಲಿ, ಬೀಗದ ಕೈ ಇರುವುದು ತಮ್ಮಲ್ಲೊಬ್ಬರ ಬಳಿ. ಉಳಿದ ಏಳು ತಂಡಗಳ ತಜ್ಞರು ನನ್ನ ಕಾಲನ್ನು ಮುಟ್ಟುವುದಿರಲಿ, ದೂರದಿಂದಲೂ ನೋಡಿಲ್ಲ. ಆದರೂ ಪ್ರತ್ಯೇಕ ಪ್ರತ್ಯೇಕವಾಗಿ ಅದೇ ತಪ್ಪು ಕಾಲನ್ನೇ ಹಿಡಿದರಲ್ಲ, ಇಂಥ ವೈದ್ಯರನ್ನು ಪಡೆದ ತಾವೇ ಧನ್ಯರು!

ಆದ್ದರಿಂದ ತಾವು ದಯಮಾಡಿ ಎಂಟೂ ತಂಡಗಳನ್ನು ಒಂದೇ ತಂಡವೆಂದು ಘೋಷಿಸಿ, ಎರಡೂ ಗೋಲುಗಳನ್ನು ಮೈದಾನದ ಒಂದೇ ಕಡೆ ನಿಲ್ಲಿಸಿ, ಕಪ್ಪನ್ನು ತಮ್ಮತಮ್ಮಲ್ಲೇ ಸರದಿಯ ಪ್ರಕಾರ ಎತ್ತಿಕೊಳ್ಳಬೇಕು. ನನ್ನ ಎಡಗಾಲಿಗೆ ಆಗದ ಶಸ್ತ್ರಚಿಕಿತ್ಸೆಯ ಗುರುತನ್ನು ತಮ್ಮ ತಜ್ಞರು ಬಂದು ತೋರಿಸಿಕೊಡಬೇಕು. ಭೂತಗನ್ನಡಿಯನ್ನು ಅಕ್ಕ ಕೊಡುತ್ತಾಳೆ. ಅದೂ ಕಷ್ಟವಾದರೆ ನನ್ನ ಬಲಗಾಲೊಂದಕ್ಕೇ ಕೆಲಸ ಕೊಡಬೇಕು, ಅದರ ಬಗ್ಗೆ ತಮ್ಮ ಯಾರ ಆಕ್ಷೇಪಣೆಯೂ ಇಲ್ಲವಲ್ಲ!

ನನಗೆ ಆಡಬೇಕು, ಮಾನ್ಯರೇ. ವಯಸ್ಸು ಮೂವತ್ತನಾಲ್ಕು, ಈ ವರ್ಷ ಹೊರಗೆ ಕುಳಿತರೆ ಮುಂದಿನ ವರ್ಷ ಯಾರ ಪಿತೂರಿಯೂ ಬೇಕಾಗುವುದಿಲ್ಲ, ನಾನೇ ಮುಗಿದುಹೋಗಿರುತ್ತೇನೆ. ನಿನ್ನೆ ಅಕ್ಕ ಎಸೆದ ನೂಲಿನ ಉಂಡೆಯನ್ನು ಹಾರಿ ಹಿಡಿಯಲು ಹೋಗಿ ಇಸ್ತ್ರಿಪೆಟ್ಟಿಗೆ ಬೀಳಿಸಿದೆ. ಅವಳು ಬೈಯಲಿಲ್ಲ, ಅದೇ ನನಗೆ ಸಂಕಟವಾಯಿತು. ತಾವೆಲ್ಲ ಮಾತಾಡಿಕೊಂಡೇ ನನ್ನನ್ನು ಹೊರಗಿಟ್ಟಿರೆಂದು ಸೋಮವಾರ, ನಾನು ದಾವೆ ಹೂಡಿರುವ ನ್ಯಾಯಮಂಡಳಿಯ ಮುಂದೆ ನಾನೇ ರುಜುವಾತು ಮಾಡಬೇಕಂತೆ. ಎಲ್ಲವೂ ಕಾಕತಾಳೀಯ ಎಂದು ತಮ್ಮ ವಕೀಲರು ಆಗಲೇ ಬರೆದುಕೊಟ್ಟಿದ್ದಾರೆ.

ಸದ್ಯಕ್ಕೆ ಎರಡೂ ಕಾಲಿನ ಮೇಲೆ ನಿಂತಿರುವ,
ತಮ್ಮ ವಿಶ್ವಾಸಿ,
ಕೆಲಸವಿಲ್ಲದ ಗೋಲ್‌ಕೀಪರ್

ವಿ.ಸೂ.: ಕಳೆದ ವಾರ ತಮ್ಮಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಫೋನ್ ಮಾಡಿ, ಪತ್ರದಲ್ಲಿ ಕಾಲು ತಪ್ಪಾಗಿದೆ, ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಿದ್ದೆ. ‘ಎಡ ಎಂದಿರುವುದನ್ನು ಬಲ ಎಂದು ಓದಿಕೊಳ್ಳತಕ್ಕದ್ದು’ ಎಂಬ ಎಂಟು ತಿದ್ದುಪಡಿಗಳು ಇಂದು ಬೆಳಗಿನ ಅಂಚೆಯಲ್ಲಿ ಒಟ್ಟಿಗೇ ಬಂದಿವೆ. ನ್ಯಾಯಮಂಡಳಿ ನಾಲ್ಕನೇ ಮಹಡಿಯಲ್ಲಿದೆ. ತಾವು ಲಿಫ್ಟಿನಲ್ಲಿ ಬನ್ನಿ. ಹದಿನಾರೂ ಕಾಗದಗಳನ್ನು ಹಿಡಿದು ನಾನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಕಾಯುತ್ತಿರುತ್ತೇನೆ.