ನಾಯಕಿಯ ಮುಕ್ಕಾಲು ಗಂಟೆ

ಮೇಷ್ಟ್ರು: ಅದೆಲ್ಲ ಬೇಡ. ಆ ಮುಕ್ಕಾಲು ಗಂಟೆ ಅವಳು ಎಲ್ಲಿದ್ಲು, ಅದನ್ನ ಹೇಳು.

ಹೆಂಡತಿ: ಎಲ್ಲೂ ಇರ್ಲಿಲ್ಲ ರೀ. ಎಷ್ಟು ಸಲ ಹೇಳ್ಲಿ?

ಮೇಷ್ಟ್ರು: ಎಲ್ಲೂ ಇಲ್ದೆ ಇರೋಕೆ ಆಗಲ್ಲ. ಗುರುವಾರ ನಾಲ್ಕಕ್ಕೆ ಮನೆ ಬಿಟ್ಲು. ಐದಕ್ಕೆ ಲೈಬ್ರರಿ ಮೆಟ್ಟಿಲು ಹತ್ತಿದ್ಲು. ದಾರಿ ಇರೋದು ಕಾಲು ಗಂಟೇದು. ಮಿಕ್ಕಿದ್ದು?

ಹೆಂಡತಿ: ಅಲ್ಲಿ ಮೂರು ಚುಕ್ಕಿ ಇಟ್ಟಿದೀನಲ್ಲ, ಕಾಣಿಸ್ಲಿಲ್ವಾ?

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಈಚೆಗಷ್ಟೇ ನಿವೃತ್ತರಾದವರು. ಅವರ ಹೆಂಡತಿ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಾರೆ. ಮನೆಯಲ್ಲಿ ಕೈಕಟ್ಟಿ ಕೂತ ಗಂಡನಿಗೆ ಒಂದು ಕೆಲಸವಿರಲಿ ಎಂದು, ಪ್ರತಿ ಕಂತಿನ ಕಾಗುಣಿತ ತಿದ್ದಲು ಆಕೆ ಕೊಡತೊಡಗಿದ್ದರು. ಮೇಷ್ಟ್ರು ಕಾಗುಣಿತ ತಿದ್ದಿದರು, ಅಷ್ಟಕ್ಕೇ ಸುಮ್ಮನಾಗದೆ ಕಥೆಯ ಊರಿಗೆ ಸ್ಕೇಲಿಟ್ಟು ನಕ್ಷೆಯನ್ನೂ ಬರೆದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನನ್ನು ಹೇಗೋ ನಿಭಾಯಿಸಬಹುದು. ಇವರು ನಾಲ್ಕು ಕಾಲನ್ನೂ ಅಳೆದು, ಒಂದು ಗಿಡ್ಡವಿದೆ ಎನ್ನುವ ಪೈಕಿ.

ಈಗ ಈ ವಾರದ ಕೊನೆಯ ಹಾಳೆ ಅವರ ಕೈಯಲ್ಲಿತ್ತು. ಅದನ್ನು ಒಯ್ಯಲು ಬಂದ ಪತ್ರಿಕೆಯ ಗುಮಾಸ್ತ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದ.

ಮೇಷ್ಟ್ರು: ಚುಕ್ಕಿ ಕಾಣಿಸ್ತು. ಚುಕ್ಕಿ ಒಳಗೆ ಏನಿದೆ ಅಂತ ಕೇಳ್ತಿದೀನಿ.

ಹೆಂಡತಿ: ಏನೂ ಇಲ್ಲ. ಓದೋರು ಒಂದು ಸಲ ಉಸಿರು ಬಿಟ್ಟು ಮುಂದಕ್ಕೆ ಹೋಗ್ತಾರೆ.

ಮೇಷ್ಟ್ರು: ಓದೋರು ಹೋಗ್ತಾರೆ. ಅವಳು ಹೇಗೆ ಹೋದ್ಲು? ಯಾವ ಎರಡು ಬಿಂದು ತಗೊಂಡ್ರೂ ಮಧ್ಯ ಇನ್ನೊಂದು ಬಿಂದು ಇದ್ದೇ ಇರತ್ತೆ. ಆ ಎರಡರ ಮಧ್ಯ ಮತ್ತೊಂದು. ಮನೆಯಿಂದ ಲೈಬ್ರರಿಗೆ ಹೋಗೋಳು ಅಷ್ಟನ್ನೂ ತುಳ್ಕೊಂಡೇ ಹೋಗ್ಬೇಕು.

ಹೆಂಡತಿ: ಅಷ್ಟನ್ನೂ ತುಳಿಯೋದ್ರೊಳಗೆ ಮುಕ್ಕಾಲು ಗಂಟೆ ಆಗಿರತ್ತೆ ಬಿಡಿ.

ಗುಮಾಸ್ತ ಕಿಸಕ್ಕೆಂದ. ಮೇಷ್ಟ್ರು ಹಿಂದಿನ ಬೆಂಚಿನವರನ್ನು ನೋಡುವ ಹಾಗೆ ಅವನತ್ತ ನೋಡಿದರು. ಅವನು ನೆಟ್ಟಗೆ ಕೂತ.

ಹೆಂಡತಿ: ಸರಿ, ರಸ್ತೇನ ಉದ್ದ ಮಾಡ್ತೀನಿ. ಕೊಡಿ ಹಾಳೆ.

ಮೇಷ್ಟ್ರು: ಆಗಲ್ಲ. ಮೂರನೇ ಕಂತಲ್ಲಿ ಅವಳ ಗಂಡ ಲೈಬ್ರರಿ ಬಾಗಿಲವರೆಗೂ ಹೋಗಿ, ಕೊಡೆ ಮರ್ತೆ ಅಂತ ವಾಪಸ್ ಬಂದ. ಒಲೆ ಮೇಲಿಟ್ಟಿದ್ದ ಬೇಳೆ ಇನ್ನೂ ಬೆಂದಿರ್ಲಿಲ್ಲ.

ಹೆಂಡತಿ: ಉರಿ ಸಣ್ಣದಿತ್ತು.

ಮೇಷ್ಟ್ರು: ಉರಿ ಜೋರಾಗಿತ್ತು ಅಂತ ನೀನೇ ಬರ್ದಿದೀಯ.

ಹೆಂಡತಿ: ಹಾಗಿದ್ರೆ ಅವರ ಮನೆ ಗಡಿಯಾರ ಹಿಂದಿತ್ತು. ಆಯ್ತಾ?

ಮೇಷ್ಟ್ರು: ಅದು ಅವನ ಅಪ್ಪನ ಕಾಲದ ಗಡಿಯಾರ. ಸರಿಯಾಗಿ ನಡೆದಿದ್ದಕ್ಕೇ ಅವನಿಗೆ ರೈಲು ಸಿಕ್ಕಿದ್ದು. ರೈಲು ಸಿಕ್ಕಿದ್ದಕ್ಕೇ ಇವಳ ಕೈ ಹಿಡಿದಿದ್ದು. ಈಗ ಗಡಿಯಾರ ಮುಟ್ಟಿದ್ರೆ ಅವರ ಮದುವೇನೇ ಬಿದ್ದೋಗತ್ತೆ.

ಗುಮಾಸ್ತ: ಅಮ್ಮಾ, ಕೋಪ ಮಾಡ್ಕೋಬೇಡಿ. ಆಫೀಸಲ್ಲೂ ಪ್ರತಿ ವಾರ ಇದೇ ಮಾತು. ಅವಳು ಗುರುವಾರ ಅಕ್ಕನ ಮನೆಗೆ ಹೋಗ್ತಾಳೆ ಅಂತಾರೆ ಅಚ್ಚಿನ ಮನೆಯೋರು. ಸಂಪಾದಕರು ಬೇರೆ ಅಂತಾರೆ.

ಮೇಷ್ಟ್ರು: ಬೇರೆ ಅಂದ್ರೆ?

ಗುಮಾಸ್ತ: ಯಾರೋ ಫೋಟೋಗ್ರಾಫರ್ ಇದಾನೆ ಅಂತ...

ಮೇಷ್ಟ್ರು: (ಎದ್ದು ನಿಂತು) ಯಾವ ಫೋಟೋಗ್ರಾಫರ್?

ಹೆಂಡತಿ: ನನ್ನ ಕಥೇಲಿ ಫೋಟೋಗ್ರಾಫರೇ ಇಲ್ವಲ್ಲ!

ಗುಮಾಸ್ತ: ಅದಕ್ಕೇ ಅಮ್ಮಾ ಅನುಮಾನ. ಕಥೇಲಿ ಇರೋರು ಯಾರು ಯಾರು ಎಲ್ಲೆಲ್ಲಿದ್ರು ಅಂತ ಎಲ್ರಿಗೂ ಗೊತ್ತಲ್ಲ.

ಮೇಷ್ಟ್ರು ಮೆಲ್ಲಗೆ ಕೂತರು. ತರ್ಕದಲ್ಲಿ ಅವರಿಗೆ ಎಲ್ಲೂ ತಪ್ಪು ಕಾಣಲಿಲ್ಲ.

ಹೆಂಡತಿ: ಅಲ್ಲಾ ರೀ, ಅವಳು ಕಾಗದದ ಮೇಲಿನ ಹೆಂಗಸು. ನಿಜವಾಗ್ಲೂ ಇಲ್ಲ.

ಮೇಷ್ಟ್ರು: ಎರಡು ಅನ್ನೋದು ನಿಜವಾಗ್ಲೂ ಇದೆಯಾ? ಎರಡು ಲೋಟ ನೋಡಿದೀಯ. ಎರಡು ಕುರ್ಚಿ ನೋಡಿದೀಯ. ಬರೀ ಎರಡನ್ನ ಎಲ್ಲಾದ್ರೂ ನೋಡಿದೀಯಾ? ಆದ್ರೂ ಇದೆ. ಇದ್ದಮೇಲೆ ಸರಿಯಾಗಿ ನಡ್ಕೊಳತ್ತೆ. ಗುರುವಾರ ಮಾತ್ರ ಒಂದೂವರೆ ಆಗಲ್ಲ.

ಹೆಂಡತಿ: ನಿಮ್ಮ ಬಿಂದುಗೆ ಉದ್ದ ಇಲ್ಲ, ಅಗಲ ಇಲ್ಲ, ಕಣ್ಣಿಗೆ ಬೀಳಲ್ಲ. ಅದು ಇದೆ ಅಂತ ಮಕ್ಕಳ ಕೈಲಿ ಒಪ್ಪಿಸಿದೀರಿ. ಇಲ್ಲ ಅಂದೋರ ಕಿವಿ ಹಿಂಡಿದೀರಿ. ನನ್ನ ಒಬ್ಬ ಹೆಂಗಸು ಒಂದಿಷ್ಟು ಹೊತ್ತು ಕಣ್ಣಿಗೆ ಬೀಳ್ದೆ ಇದ್ರೆ ಮನೆ ಮುಳುಗೋಗತ್ತಾ?

ಮೇಷ್ಟ್ರು: ಅವಳ ಗಂಡನ ಬಗ್ಗೆ ಯೋಚನೆ ಮಾಡಿದೀಯಾ?

ಹೆಂಡತಿ: ಅವನು ಆರಾಮಾಗಿದಾನೆ.

ಮೇಷ್ಟ್ರು: ಅವನು ಒಬ್ಬನೇ ಕೂತು ಗಡಿಯಾರ ನೋಡ್ತಿರ್ತಾನೆ!

ಹೆಂಡತಿ: ಹಾಗಂತ ನಾನು ಎಲ್ಲೂ ಬರ್ದಿಲ್ಲ.

ಮೇಷ್ಟ್ರು: ಬರ್ದಿಲ್ಲ. ಚುಕ್ಕಿ ಒಳಗೆ ನೋಡ್ತಿರ್ತಾನೆ.

ಹೆಂಡತಿ ಗಂಡನ ಮುಖವನ್ನು ಸ್ವಲ್ಪ ಬಗ್ಗಿ ನೋಡಿದರು. ಮೇಷ್ಟ್ರು ಹಾಳೆಯ ತುದಿಯನ್ನು ಮಡಿಸಿದರು, ಬಿಡಿಸಿದರು. ಕೇಳಬಾರದೆಂದು ಒಂದು ವಾರ ಹಲ್ಲುಕಚ್ಚಿ ಹಿಡಿದಿದ್ದ ಮಾತು ಕೊನೆಗೂ ಬಾಯಿಂದ ಬಂತು.

ಮೇಷ್ಟ್ರು: ಹೋದ ಗುರುವಾರ ನಾನು ನಡೆದು ನೋಡ್ದೆ.

ಹೆಂಡತಿ: ಎಲ್ಲಿಗೆ?

ಮೇಷ್ಟ್ರು: ನಮ್ಮ ಮನೆಯಿಂದ ನಮ್ಮ ಲೈಬ್ರರಿಗೆ. ನಿಧಾನಕ್ಕೆ ನಡೆದ್ರೂ ಕಾಲೇ ಗಂಟೆ. ನೀನೂ ನಾಲ್ಕಕ್ಕೇ ಹೊರಡ್ತೀಯ.

ಹೆಂಡತಿ: ನನ್ನ ಹಿಂದೆ ಬಂದಿದ್ರಾ?

ಮೇಷ್ಟ್ರು: ಛೆ, ಹಿಂದೆ ಬರೋದು ಮರ್ಯಾದೆ ಅಲ್ಲ. ಮುಂಚೇನೇ ಹೋಗಿ ಕಂಬದ ಮರೇಲಿ ನಿಂತಿದ್ದೆ. ನೀನು ಬಂದಾಗ ಐದು ಹೊಡೀತು.

ಗುಮಾಸ್ತನಿಗೆ ತನ್ನ ಚಪ್ಪಲಿಯ ಪಟ್ಟಿ ಇದ್ದಕ್ಕಿದ್ದಂತೆ ಬಹಳ ಮುಖ್ಯವಾಗಿ ಕಂಡಿತು. ಅವನು ಬಗ್ಗಿದವನು ಮೇಲೆ ಏಳಲಿಲ್ಲ. ಹೆಂಡತಿ ಗಂಡನ ಕೈಯಿಂದ ಹಾಳೆಯನ್ನು ಎಳೆದುಕೊಂಡರು. ಮೇಷ್ಟ್ರು ತಡೆಯಲಿಲ್ಲ. ಆಕೆ ಅದನ್ನು ಒಯ್ದು ಬಗ್ಗಿದವನ ಮೂಗಿನ ಕೆಳಗೆ ಹಿಡಿದರು.

ಗುಮಾಸ್ತ: ಇಷ್ಟು ಹೊತ್ತು ಎಲ್ಲಿದ್ದೆ ಅಂತ ಆಫೀಸಲ್ಲಿ ಕೇಳಿದ್ರೆ ಏನನ್ಲಿ ಅಮ್ಮಾ?

ಹೆಂಡತಿ: ದಾರಿ ತುಂಬಾ ಬಿಂದು ಇತ್ತು ಅನ್ನಿ.

ಅವನು ಹೋದ. ಆಕೆ ಬಾಗಿಲು ಮುಂದೆ ಮಾಡಿ, ಖಾಲಿಯಾದ ಸ್ಟೂಲಿನ ಮೇಲೆ ಕೂತರು.

ಹೆಂಡತಿ: ಕಾಲುವೆ ಪಕ್ಕ ಕಲ್ಲುಬೆಂಚು ಇದೆಯಲ್ಲ, ಅಲ್ಲಿ ಕೂತಿರ್ತೀನಿ.

ಮೇಷ್ಟ್ರು: ಯಾರ ಜೊತೆ?

ಹೆಂಡತಿ: ಯಾರೂ ಇಲ್ಲ.

ಮೇಷ್ಟ್ರು: ಬರೀತಾ?

ಹೆಂಡತಿ: ಇಲ್ಲ.

ಮೇಷ್ಟ್ರು: ಮುಂದಿನ ಕಂತು ಯೋಚನೆ ಮಾಡ್ತಾ?

ಹೆಂಡತಿ: ಅದೂ ಇಲ್ಲ. ಸುಮ್ನೆ.

ಮೇಷ್ಟ್ರು: ಸುಮ್ನೆ ಕೂರೋಕೆ ಮನೇಲಿ ಕುರ್ಚಿ ಇಲ್ವಾ?

ಹೆಂಡತಿ: ಕುರ್ಚಿ ಇದೆ. ನೀವೂ ಇದೀರಿ. ಕೂತ ತಕ್ಷಣ ‘ಯಾಕೆ ಸುಮ್ನೆ ಕೂತೆ’ ಅಂತೀರಿ. ‘ಏನಿಲ್ಲ’ ಅಂದ್ರೆ ‘ಏನಿಲ್ಲ ಅಂದ್ರೆ ಏನು’ ಅಂತೀರಿ.

ನಾನು ಯಾವಾಗ ಹಾಗೆ ಅಂದೆ ಎಂದು ಕೇಳಲು ಮೇಷ್ಟ್ರು ಬಾಯಿ ತೆರೆದರು. ಬೆಳಿಗ್ಗೆ ಅಂದದ್ದು ನೆನಪಾಗಿ ಬಾಯಿ ಮುಚ್ಚಿದರು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು, ಇಳಿದ ಕಲ್ಲು ತಮ್ಮ ಕಾಲ ಮೇಲೇ ಬಿದ್ದಿತ್ತು. ಫೋಟೋಗ್ರಾಫರ್ ಇಲ್ಲವೆಂದು ಸಂತೋಷವಾಯಿತು. ಅವನ ಜಾಗದಲ್ಲಿ ತಾವೇ ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಯಿತು.

ಮೇಷ್ಟ್ರು: ಒಟ್ನಲ್ಲಿ ಆ ಹೊತ್ತಲ್ಲಿ ಇರೋದು ಸೊನ್ನೆ.

ಹೆಂಡತಿ: ಸೊನ್ನೆ. ಅದು ನನಗೆ ಬೇಕು ರೀ. ಅದನ್ನ ಮಾತ್ರ ಕಿತ್ಕೋಬೇಡಿ.

ಮೇಷ್ಟ್ರು: ಯಾಕೆ ಕಿತ್ಕೊಳ್ಲಿ? ಸೊನ್ನೆ ಇಲ್ದೆ ಹತ್ತೂ ಇಲ್ಲ, ನೂರೂ ಇಲ್ಲ.

ಅವರು ಎದ್ದು ಕಿಟಕಿಯವರೆಗೂ ಹೋದರು. ಬೀದಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ವಾಪಸ್ ಬಂದರು.

ಮೇಷ್ಟ್ರು: ಈ ಗುರುವಾರ ನಾನೂ ಬರ್ಲಾ?

ಹೆಂಡತಿ: ಬಂದು?

ಮೇಷ್ಟ್ರು: ಸುಮ್ನೆ ಕೂರ್ತೀನಿ.

ಹೆಂಡತಿ: ಮಾತಾಡ್ತೀರಿ.

ಮೇಷ್ಟ್ರು: ಇಲ್ಲ.

ಹೆಂಡತಿ: ಟೈಮ್ ನೋಡ್ತೀರಿ.

ಮೇಷ್ಟ್ರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದರು. ಹೆಂಡತಿ ಅದನ್ನೂ ನೋಡಿದರು, ಬರಿದಾದ ಮಣಿಕಟ್ಟನ್ನೂ ನೋಡಿದರು.

ಹೆಂಡತಿ: ಸೊನ್ನೆಗೆ ಸೊನ್ನೆ ಕೂಡಿಸಿದ್ರೆ ಎಷ್ಟಾಗತ್ತೆ?

ಇಷ್ಟು ಸುಲಭದ ಲೆಕ್ಕದಲ್ಲಿ ಎಲ್ಲೋ ಮೋಸವಿರಬೇಕೆಂದು ಮೇಷ್ಟ್ರು ಎರಡು ಸಲ ಮನಸ್ಸಿನಲ್ಲೇ ಕೂಡಿ ನೋಡಿದರು.

ಮೇಷ್ಟ್ರು: ಸೊನ್ನೆ.

ಹೆಂಡತಿ: ಖಂಡಿತಾ ತಾನೇ?

ಮೇಷ್ಟ್ರು: ಇಲ್ಲಿವರೆಗೂ ಹಾಗೇ ಇದೆ.

ಹೆಂಡತಿ: ಹಾಗಿದ್ರೆ ಬನ್ನಿ.