ಒಂದು ದಿನದ ರಜೆಗೊಂದು ಮುಯ್ಯಾಳು

ಸಂಶೋಧನಾ ಸಹಾಯಕಿ ಅಂತ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ಸಂಶೋಧನೆ ಎಷ್ಟು ಮುಂದೆ ಹೋಯ್ತೋ ಗೊತ್ತಿಲ್ಲ, ರಜೆ ಕೇಳೋಕೆ ಹೋದಾಗ ಮಾತ್ರ ಏನಾದರೊಂದು ನಡೀತಾನೇ ಇರುತ್ತೆ. ಗುಂಡ್ಲುಪೇಟೆ ಹತ್ತಿರದ ನಮ್ಮ ಪ್ರಯೋಗದ ಅರಿಶಿನದ ತಾಕುಗಳಿಗೆ ದಿನಾ ಬೆಳಿಗ್ಗೆ ಎಂಟಕ್ಕೆ ಹೋಗಿ ಮಳೆ ಅಳೆಯೋದು, ಗಿಡ ಅಳೆಯೋದು, ಬರೆಯೋದು ನನ್ನ ಕೆಲಸ. ಕಳೆಯಿಂದ ಅರಿಶಿನಕ್ಕೆ ಎಷ್ಟು ಪೆಟ್ಟು ಅನ್ನೋದು ನಮ್ಮ ವಿಷಯ.

ನನಗೆ ಬೇಕಿದ್ದದ್ದು ಒಂದೇ ಒಂದು ದಿನ. ನಾನು ಎಂ.ಎಸ್ಸಿ. ಪಾಸಾದರೆ ಮಗಳನ್ನ ಕರ್ಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಬರ್ತೀನಿ ಅಂತ ಅವ್ವ ಹರಕೆ ಹೊತ್ತಿದ್ದಳು. ಈಗ ನಮ್ಮೂರು ಉಮ್ಮತ್ತೂರಲ್ಲಿ ಹಸು ಹಾಲು ಕಮ್ಮಿ ಕೊಟ್ಟರೂ, ಬಸ್ಸು ತಪ್ಪಿದರೂ ಆ ತೀರದ ಹರಕೆಯೇ ಕಾರಣ. ಅಂದರೆ ನಾನು.

ನಾನು ಯಾರು?

ದಸರಾ ರಜೆ ಕೇಳೋಕೆ ಚಾಮರಾಜನಗರದ ಆಫೀಸಿಗೆ ಹೋದೆ. ಗುಮಾಸ್ತರು, "ಅದು ವಿದ್ಯಾರ್ಥಿಗಳಿಗೆ. ನೀವು ಕೆಲಸದಲ್ಲಿದ್ದೀರಲ್ಲ" ಅಂದರು.

"ಹಾಗಾದ್ರೆ ಒಂದು ಸಿ.ಎಲ್. ಕೊಡಿ ಸರ್."

"ಸಿ.ಎಲ್. ನೌಕರರಿಗೆ. ನೀವು ಪಿಎಚ್.ಡಿ. ವಿದ್ಯಾರ್ಥಿನಿ ಅಲ್ವಾ?"

"ಎರಡೂ ಅಲ್ಲ ಅಂದ್ರೆ ನಾನು ಯಾರು ಸರ್?"

ಪಾಪ, ಅವರು ನಿಜವಾಗಿಯೂ ಯೋಚನೆ ಮಾಡಿದರು. "ಅದಕ್ಕೂ ಒಂದು ಅರ್ಜಿ ಕೊಡಿ, ಮೇಲಕ್ಕೆ ಕಳಿಸ್ತೀನಿ" ಅಂದರು. ಕೊಟ್ಟಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.

ನೂರಾ ಒಂದು

ನಮ್ಮ ಗೈಡ್ ಕೆಟ್ಟವರಲ್ಲ. ರಜೆ ಅನ್ನೋ ಮಾತು ಕಿವಿಗೆ ಬಿದ್ದರೆ ಮಾತ್ರ ಅವರದ್ದು ಒಂದೇ ಪ್ರಶ್ನೆ: "ಗಿಡಕ್ಕೆ ರಜಾ ಇದೆಯೇನಮ್ಮ?"

ಒಂದು ಸಲ ಜ್ವರ ಬಂದು ಫೋನ್ ಮಾಡಿದೆ. "ಎಷ್ಟಿದೆ?" ಅಂದರು.

"ನೂರಾ ಒಂದು ಸರ್."

"ಅಯ್ಯೋ ಪಾಪ! ಮಲಗಮ್ಮ, ಮಲಗು."

ನನಗೆ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಅವರು, "ಹೇಗೂ ಥರ್ಮಾಮೀಟರ್ ಕೈಯಲ್ಲೇ ಇದೆಯಲ್ಲ, ಮಲಗೋ ಮುಂಚೆ ಮಣ್ಣಿನ ಜ್ವರಾನೂ ಒಂದ್ಸಲ ನೋಡಿಬಿಡು" ಅಂದರು.

ಮೂವತ್ತು ವರ್ಷದ ಅನುಭವ

ಕೊನೆಗೆ ದಾರಿ ಹುಡುಕಿದವಳು ಅವ್ವ. ನಮ್ಮೂರ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನೀವು ನಮ್ಮ ಹೊಲಕ್ಕೆ ಬಂದು ಒಂದು ದಿನ ದುಡಿದರೆ, ಇನ್ನೊಂದು ದಿನ ನಾವು ನಿಮ್ಮ ಹೊಲಕ್ಕೆ. ಕೂಲಿ ಮಾತಿಲ್ಲ, ತಪ್ಪಿಸಿಕೊಳ್ಳೋ ಹಾಗೂ ಇಲ್ಲ.

"ನಿನ್ ಚಿಕ್ಕವ್ವ ನಂಗೊಂದು ಮುಯ್ಯಾಳು ಬರ್ಬೇಕು ಕಣಮ್ಮಿ. ಅವಳು ಓಗಿ ನಿನ್ ಮಳೆ ಬರ್ಕತಾಳೆ, ನೀನು ನನ್ ಜೊತೆ ಬಾ" ಅಂದಳು.

ಬದಲಿಗೆ ಒಬ್ಬರು ಬರ್ತಾರೆ ಅಂತ ಗೈಡ್‌ಗೆ ಹೇಳಿದೆ. "ಅನುಭವ ಇದೆಯಾ?" ಅಂದರು.

"ಅರಿಶಿನದಲ್ಲೇ ಮೂವತ್ತು ವರ್ಷ ಸರ್."

"ಅಷ್ಟು ಸೀನಿಯರಾ! ಕರೆಸು, ಕರೆಸು."

ಚಿಕ್ಕವ್ವನಿಗೆ ಮಳೆ ಅಳೆಯೋದು, ಗಿಡ ಅಳೆಯೋದು ತೋರಿಸಿಕೊಟ್ಟು ನಾವು ಬೆಟ್ಟದ ಬಸ್ಸು ಹತ್ತಿದೆವು. ಮೇಲೆ ಮಂಜು, ತಣ್ಣನೆ ಗಾಳಿ, ಫೋನಿಗೆ ಸಿಗ್ನಲ್ ಇಲ್ಲ. ಎಂಥಾ ಸುಖ ಅಂತೀರಿ! ಅವ್ವ ದೇವರ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು.

"ಏನ್ ಕೇಳ್ಕಂಡೆ ಅವ್ವ?"

"ನಿನ್ ಗೈಡ್‌ಗೂ ಒಂದಿನ ರಜ ಕೊಡಪ್ಪ ಅಂದೆ. ಪಾಪ, ಅವರ್ಗೆ ಯಾರೂ ಕೊಟ್ಟಿರಕಿಲ್ಲ, ಅದ್ಕೇ ಅಂಗಾಡ್ತಾರೆ."

ಕಳೆ

ಸಂಜೆ ತಾಕಿಗೆ ವಾಪಸ್ ಬಂದರೆ ಗೈಡ್ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಚಿಕ್ಕವ್ವ ಬರೆದಿದ್ದ ಲೆಕ್ಕ ಎಲ್ಲಾ ಸರಿಯಾಗೇ ಇತ್ತು. ಆದರೆ ಕಳೆ ಕೀಳದೆ ಬೇಕಂತಲೇ ಬಿಟ್ಟಿದ್ದ ಒಂದು ತಾಕು ಇತ್ತು, ಉಳಿದ ತಾಕುಗಳನ್ನೆಲ್ಲ ಅದರ ಜೊತೆಗೇ ಹೋಲಿಸಬೇಕಿತ್ತು. ಈಗ ಅದು ಸಾರಿಸಿದ ಅಂಗಳದ ಹಾಗೆ ಲಕಲಕ ಅಂತಿತ್ತು.

"ನಿಮ್ ಉಡ್ಗಿ ಬೋ ಸೋಂಬೇರಿ ಸಾ" ಅಂದಳು ಚಿಕ್ಕವ್ವ. "ಈ ಮೂಲೇಲಿ ಕಳೆ ಮಂಡಿಗಂಟ ಬೆಳ್ದಿತ್ತು. ಕುಂತ್ಕಂಡು ಎಲ್ಲಾನೂ ಕಿತ್ತಾಕ್ಬುಟ್ಟೆ."

ಗೈಡ್ ಬದು ಮೇಲೆ ಕುಸಿದು ಕೂತರು.

"ಮಳೆ ಬರ್ದಿದ್ದು ನಮ್ಮಕ್ಕನ ಮುಯ್ಯಿಗೆ. ಕಳೆ ಕಿತ್ತಿದ್ದು ನಿಮ್ ಲೆಕ್ಕಕ್ಕೆ ಸಾ. ಸೋಮ್ವಾರ ನಮ್ ಒಲಕ್ಕೆ ಬಂದ್ಬುಡಿ."

"ನಾನಾ? ಸೋಮವಾರ ಆಗಲ್ಲಮ್ಮ, ಮೀಟಿಂಗ್ ಇದೆ."

ಚಿಕ್ಕವ್ವ ಅವರನ್ನೇ ನೋಡಿದಳು. "ಯಾಕೆ ಸಾ, ಕಳೆಗೆ ರಜ ಅದ್ಯಾ?"

ದೇವರಾಣೆ, ನಾನು ಹೇಳಿಕೊಟ್ಟಿರಲಿಲ್ಲ. ಗೈಡ್ ನನ್ನ ಕಡೆ ತಿರುಗಿದರು. "ಸೋಮವಾರ ನಿನಗೆ ರಜಾ ಕಣಮ್ಮ. ಅರ್ಜಿ ಏನೂ ಬೇಡ."

ಮೂರು ವರ್ಷದಲ್ಲಿ ಕೇಳದೆ ಸಿಕ್ಕ ಮೊದಲ ರಜೆ. ಗೈಡ್ ಬದಲಿಗೆ ಉಮ್ಮತ್ತೂರಲ್ಲಿ ಚಿಕ್ಕವ್ವನ ಹೊಲದ ಕಳೆ ಕೀಳ್ತಾ ಇದ್ದೆ. ಹನ್ನೊಂದು ಗಂಟೆಗೆ ಗೈಡ್ ಫೋನ್ ಬಂತು. ಕೈಯೆಲ್ಲಾ ಮಣ್ಣು, ಸ್ಪೀಕರ್ ಹಾಕಿದೆ.

"ಕಿತ್ತಿರೋ ಕಳೆ ಬಿಸಾಕಬೇಡಮ್ಮ. ಸಾಲು ಸಾಲಾಗಿ ತೂಗಿ ಬರೆದಿಟ್ಟುಕೋ. ಇನ್ಮೇಲೆ ಅದೇ ನಮ್ಮ ಡೇಟಾ."

ಚಿಕ್ಕವ್ವ ಫೋನ್ ಕಿತ್ತುಕೊಂಡಳು. "ಸಾ, ಅವಳು ರಜದಲ್ಲವಳೆ. ರಜದಲ್ಲಿರೋರ್ಗೆ ಫೋನ್ ಮಾಡ್ಬಾರ್ದು, ಮಡುಗಿ!"

ಈ ಒಂದು ಮಾತನ್ನ ಯಾರಾದರೂ ಹೇಳಲಿ ಅಂತ ಮೂರು ವರ್ಷದಿಂದ ಕಾದಿದ್ದೆ. ಕಳೆ ಕೀಳೋದು ಬಿಟ್ಟು ಅಲ್ಲೇ ನಿಂತುಬಿಟ್ಟೆ.

"ಯಾಕ್ ನಿಂತ್ಕಂಡೆ?" ಅಂದಳು ಚಿಕ್ಕವ್ವ. "ಬಿರ್ನೆ ಬಗ್ಗಮ್ಮಿ, ಇನ್ನೂ ಎಂಟು ಸಾಲವೆ."