ಬುಟ್ಟಿಗೆ ಬಳಿದ ರಾಜಕೀಯ

ಇನ್ನೊಂದೇ ಲೇಖನ, ನಿಜಾಮನ ಸಿಂಹಾಸನ ನೆಲಕ್ಕೆ ಎಂದು ಮಸ್ಕಿಯ ಆದಪ್ಪ ತೀರ್ಮಾನಿಸಿದ್ದ. ಅವನ ಬರಹ ಎತ್ತಿನ ಗಾಡಿಯ ಹುಲ್ಲಿನಲ್ಲಿ ಅಡಗಿ ಸಿಂಧನೂರಿಗೆ ಹೋಗಿ, ದಢೇಸುಗೂರಿನ ಹತ್ತಿರ ಹೊಳೆ ದಾಟಿ, ಆಚೆಯ ಬ್ರಿಟಿಷ್ ಸೀಮೆಯ ವಾರಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾಗುತ್ತಿತ್ತು. ಒಂದು ವಾರ ಸರ್ಕಾರವನ್ನು ಬೈದರೆ ಮರುವಾರ ಕನ್ನಡ ಕೆಡಿಸುವವರನ್ನು ಬೈಯುತ್ತಿದ್ದ. ಮಿಕ್ಕ ಹೊತ್ತಿನಲ್ಲಿ ಹೆಂಡತಿ ಗದ್ದೆಮ್ಮನ ಮಾತು ತಿದ್ದುತ್ತಿದ್ದ.

“ನೀರು ಸೇದಿಕೊಡಂದ್ರ ಮಾತು ತಿದ್ದತಾನ. ನಿನ್ನ ಕನ್ನಡ ಕುಡದ್ರ ನೀರಡಿಕಿ ಹೋಗ್ತದೇನು?” ಎನ್ನುತ್ತಿದ್ದಳು ಅವಳು.

ಒಂದು ಮುಂಜಾನೆ ನೆರೆಮನೆಯ ಮಾಬುಬೀ ಓಡಿಬಂದಳು. “ಗದ್ದೆಮ್ಮಕ್ಕ, ಲಿಂಗಸುಗೂರಿನಿಂದ ಪೊಲೀಸ್ ಅಮೀನ ಬರಾಕತ್ತಾನ, ನಿಮ್ಮನಿ ತಲಾಶಿಗೆ. ಬರದದ್ದು ಒಂದು ಚೂರು ಸಿಕ್ಕರೂ ಜೈಲಂತ.”

ಆದಪ್ಪ ಎದೆಯುಬ್ಬಿಸಿದ. “ಬರಲಿ. ಬರದದ್ದು ಬಚ್ಚಿಡೋ ಗಂಡಸಲ್ಲ ನಾ.”

ಅಷ್ಟು ಹೇಳಿ, ಬರೆದದ್ದನ್ನು ಅಲ್ಲೇ ಬಿಟ್ಟು, ತಾನು ಹೋಗಿ ಜೋಳದ ಕಣಜದ ಹಿಂದೆ ಬಚ್ಚಿಟ್ಟುಕೊಂಡ.

ಹಳೆಯ ಬುಟ್ಟಿಗಳ ಸಂದು ಮುಚ್ಚಲು ರದ್ದಿ ಕಾಗದದ ಜೊತೆ ಕುಟ್ಟಿ ಬಳಿಯೋಣವೆಂದು ಗದ್ದೆಮ್ಮ ಅವತ್ತು ಮೆಂತ್ಯ ನೆನೆಹಾಕಿದ್ದಳು. ಗಂಡನ ಬರಹದ ಕಾಗದಗಳನ್ನೆಲ್ಲ ಬಿಸಿನೀರಿಗೆ ಅದ್ದಿ, ಮೆಂತ್ಯ ಸೇರಿಸಿ ಒರಳಿಗೆ ಹಾಕಿದಳು. ಮಧ್ಯಾಹ್ನ ಅಮೀನ ಬಂದಾಗ ಮಾಬುಬೀ ಕುಟ್ಟುತ್ತಿದ್ದಳು, ಗದ್ದೆಮ್ಮ ಬಳಿಯುತ್ತಿದ್ದಳು. ರಾಜಕೀಯವೂ ಭಾಷೆಯೂ ಒಂದೇ ಮುದ್ದೆಯಾಗಿದ್ದವು.

ಅಮೀನ ಪೆಟ್ಟಿಗೆ ತೆಗೆಸಿದ, ಜಂತಿ ತಡವಿದ. ಕೊನೆಗೆ ಕಣಜದ ಹಿಂದಿನಿಂದ ಆದಪ್ಪನನ್ನು ಎಳೆದ.

“ನೀನೇನಲೇ ಬರಿಯೋನು?”

ಅಮೀನನ ಸೊಂಟದ ಬೇಡಿ ಆದಪ್ಪನ ಕಣ್ಣಿಗೆ ಬಿತ್ತು. “ಅಲ್ರೀ.”

“ನನಗೂ ಅನುಮಾನಿತ್ತು. ಈ ಮಾರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.”

ಆದಪ್ಪನಿಗೆ ಇದು ಜೈಲಿಗಿಂತ ಕಷ್ಟವಾಯಿತು. “ಬರಹ ಹ್ಯಾಂಗಿತ್ರೀ? ಓದೀರೇನು?”

“ಓದೋರು ಯಾರು? ಜಪ್ತಿ ಮಾಡಂದ್ರು, ಬಂದೀನಿ.”

“ಓದದೆ ಜಪ್ತಿ ಮಾಡೋದು ಯಾವ ನ್ಯಾಯರೀ? ಮೊದಲಿಂದ ಹೇಳ್ತೀನಿ ಕೇಳ್ರಿ, ನಾ—”

ಗದ್ದೆಮ್ಮ ಎದ್ದು ಬಂದು ಮುದ್ದೆಯನ್ನು ಅವನ ಬಾಯಿಗೆ ತುರುಕಿದಳು. “ಇವಗ ಪಿತ್ತ ತಲಿಗೇರ್ಯದರೀ. ಮೆಂತ್ಯ ತಿನಸಾಕತ್ತೀನಿ.”

ಸರ್ಕಾರ ಉರುಳಿಸಬೇಕಿದ್ದ ಬರಹವನ್ನು ಆದಪ್ಪ ಕಣ್ಣು ಬಿಡುತ್ತ ನುಂಗಿದ. ಅಮೀನ ನಕ್ಕು, ಮೊದಲು ಬಳಿದು ಬಿಸಿಲಿಗಿಟ್ಟು, ಆಗಲೇ ಒಣಗುತ್ತ ಬಂದಿದ್ದ ಬುಟ್ಟಿಯೊಂದನ್ನು ಬೆರಳಿಂದ ತಟ್ಟಿ ನೋಡಿದ. “ಛಲೋ ಬಳದೀಯಬೇ. ಇದೊಂದು ಕೊಡು, ನಮ್ಮ ಮನ್ಯಾಗ ಹಿಟ್ಟಿಗೆ ಬೇಕಾಗ್ಯದ.” ಬುಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ಆದಪ್ಪ ಗೋಡೆಗೊರಗಿ ಕೂತ. “ಹೋತಲ್ಲೇ, ನಾ ಬರದದ್ದೆಲ್ಲ ಹೋತು.”

“ಅಳಬ್ಯಾಡ,” ಎಂದಳು ಗದ್ದೆಮ್ಮ, ಇನ್ನೊಂದು ಬುಟ್ಟಿ ಎಳೆದುಕೊಳ್ಳುತ್ತ. “ಇಷ್ಟು ವರ್ಷ ಬರದಿ. ಇವತ್ತಾದ್ರೂ ಒಬ್ಬಾತ ಬಾಯಿಬಿಟ್ಟು ಕೇಳಿ ತಗೊಂಡು ಹೋಗ್ಯಾನ.”